ನಿಸರ್ಗರಕ್ಷೆಯೂ ಪ್ರಜಾಸಮ್ಮತಿಯೂ

ರಾಜ್ಯವೆಂಬ ಸಂಸ್ಥೆಯ ಪ್ರಥಮ ಕರ್ತವ್ಯವು ಪ್ರಜೆಗಳ ಪ್ರಾಣರಕ್ಷಣೆಯೆಂಬುದನ್ನು ಎಲ್ಲ ಕಾಲದ ರಾಜನೀತಿಜ್ಞರೂ ಒಪ್ಪಿರುತ್ತಾರೆ. ಪ್ರಾಣಕ್ಕೆ ಆಧಾರವಾದ ನೀರು, ಮಣ್ಣು, ಗಾಳಿ, ಅರಣ್ಯಗಳ ರಕ್ಷಣೆಯೂ ಆ ಕರ್ತವ್ಯದೊಳಗೇ ಅಡಗಿರತಕ್ಕದ್ದೆಂಬ ತಿಳಿವಳಿಕೆಯಾದರೋ ನಮ್ಮ ರಾಷ್ಟ್ರರಾಜಕಾರಣದಲ್ಲಿ ಇನ್ನೂ ನೆಲೆಗೊಂಡಿಲ್ಲ. 2024ರ ಜುಲೈ 16ರಂದು ಅಂಕೋಲ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಯೊಳಕ್ಕೆ ಜಾರಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳ ಮೇಲೆ ಬೆಟ್ಟದ ಮಣ್ಣೂ ಬಂಡೆಗಳೂ ಇಳಿದುಬಂದು ಇನ್ನೂರಕ್ಕೂ ಮಿಕ್ಕ ಜನರ ಪ್ರಾಣವನ್ನು ಅಪಹರಿಸಿದವು. ಅದರ ಮರುದಿನ, ಜುಲೈ 31ರಂದು, ಕೇಂದ್ರ ಸರ್ಕಾರವು ಪಶ್ಚಿಮಘಟ್ಟದ ಸುಮಾರು 56,800 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರಸೂಕ್ಷ್ಮವೆಂದು ಸಾರುವ ಅಧಿಸೂಚನೆಯ ಕರಡನ್ನು ಹೊರಡಿಸಿತು. ಅದು 2014ರ ಮಾರ್ಚ್ ತಿಂಗಳಿಂದ ಹೊರಬಿದ್ದ ಕರಡುಗಳಲ್ಲಿ ಆರನೆಯದು. ಹಿಂದಿನ ಐದೂ ಅಂತಿಮ ಆಜ್ಞೆಯಾಗದೆಯೇ ಅವಧಿ ತೀರಿ ಹೋಗಿದ್ದವು. ಸೆಪ್ಟೆಂಬರ್ ತಿಂಗಳಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ಆ ಕರಡಿಗೆ ಮೂಲಾಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವುದಾಗಿ ನಿರ್ಣಯಿಸಿತು.

ಅಗತ್ಯವೆಂದು ತಜ್ಞರು ಹೇಳಿದ, ಅಗತ್ಯವೆಂದು ಕೇಂದ್ರವೂ ಒಪ್ಪಿಕೊಂಡ, ವಿಪತ್ತುಗಳ ಮೇಲೆ ವಿಪತ್ತುಗಳು ಬಂದು ಅಗತ್ಯವೆಂದು ಸಾಕ್ಷ್ಯ ನುಡಿದ ಒಂದು ಆಜ್ಞೆ ಒಂದು ದಶಕದುದ್ದಕ್ಕೂ ಕರಡಾಗಿಯೇ ಉಳಿದುದಕ್ಕೆ ಕಾರಣವೇನು? ಈ ಪ್ರಶ್ನೆಗೆ ಎರಡು ಉತ್ತರಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ರಾಜಕಾರಣಿಗಳ ಧನಲೋಭವೇ ಸಮಸ್ತ ಅನರ್ಥಗಳಿಗೂ ಮೂಲವೆಂಬುದು ಒಂದು. ಜನರಿಗೆ ತಮ್ಮ ಹಿತವೇ ತಿಳಿಯದೆಂಬುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯಾಂಶವುಂಟು. ಚುನಾವಣಾ ಬಾಂಡುಗಳ ಯೋಜನೆಯನ್ನು 2024ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಾಂವಿಧಾನಿಕವೆಂದು ರದ್ದುಪಡಿಸಿದ ಮೇಲೆ ಬಹಿರಂಗಕ್ಕೆ ಬಂದ ದಾನಿಗಳ ಪಟ್ಟಿಯಲ್ಲಿ ಗಣಿಗಾರಿಕೆ, ವಿದ್ಯುತ್ತು, ನಿರ್ಮಾಣಗಳ ಉದ್ಯಮಗಳು ಹೇರಳವಾಗಿದ್ದುದನ್ನು ದೇಶವೆಲ್ಲ ಕಂಡಿತು. ಆದರೂ ಲೋಭವೊಂದೇ ಕಾರಣವಾಗಿದ್ದಲ್ಲಿ ಪಕ್ಷ ಬದಲಾದಾಗಲಾದರೂ ನೀತಿ ಸ್ವಲ್ಪ ಬದಲಾಗಬೇಕಾಗಿತ್ತು. ಘಟ್ಟದ ರಾಜ್ಯಗಳಲ್ಲಿ ಈ ಅವಧಿಯಲ್ಲಿ ಹಲವು ಪಕ್ಷಗಳು ಅಧಿಕಾರಕ್ಕೆ ಬಂದವು, ಹೋದವು. ಕರ್ನಾಟಕದ ನಿಲುವಂತೂ ಯಾವ ಪಕ್ಷ ಬಂದರೂ ಹಾಗೆಯೇ ಉಳಿಯಿತು. ಪರಸ್ಪರ ವಿರೋಧಿಗಳಾದ ಪಕ್ಷಗಳು ಒಂದೇ ವಿಷಯದಲ್ಲಿ ಹೀಗೆ ಏಕಮತವಾಗಿರುವುದನ್ನು ಕಂಡಾಗ, ಕಾರಣವನ್ನು ವ್ಯಕ್ತಿಗಳ ಶೀಲಕ್ಕಿಂತ ಆಳದಲ್ಲಿ, ವ್ಯವಸ್ಥೆಯ ರಚನೆಯಲ್ಲಿಯೇ ಹುಡುಕಬೇಕಾಗುತ್ತದೆ.

ಅದನ್ನು ಹುಡುಕಿದವನಿಗೆ ತೋರುವ ಸಂಗತಿ ಇದು: ನಮ್ಮ ದೇಶದಲ್ಲಿ ನಿಸರ್ಗರಕ್ಷಣೆಯ ಕಾನೂನು ಮೇಲಿನಿಂದ ಇಳಿದುಬಂದಿತು, ಅದಕ್ಕೆ ಬೇಕಾದ ಪ್ರಜಾಸಮ್ಮತಿಯನ್ನು ಕೆಳಗಿನಿಂದ ಬೆಳೆಸುವ ಶ್ರಮವನ್ನು ಯಾವ ಪಕ್ಷವೂ ವಹಿಸಲಿಲ್ಲ. ಸಮ್ಮತಿಯಿಲ್ಲದೆ ಕೊಟ್ಟುದನ್ನು ಸಮ್ಮತಿಯಿಲ್ಲದೆಯೇ ಹಿಂತೆಗೆದುಕೊಳ್ಳುವುದು ಸುಲಭ. ಇಂದು ನಡೆಯುತ್ತಿರುವುದು ಆ ಹಿಂತೆಗೆತವೇ.

ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸೋಣ. 1972ರ ಜೂನ್ ತಿಂಗಳಿನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಸೇರಿದಾಗ, ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನುಳಿದು ಅಲ್ಲಿ ಮಾತನಾಡಿದ ಏಕೈಕ ಸರ್ಕಾರಮುಖ್ಯಸ್ಥೆ ನಮ್ಮ ಪ್ರಧಾನಿ ಇಂದಿರಾ ಗಾಂಧಿಯವರು. ದಾರಿದ್ರ್ಯದ ನಿವಾರಣೆಯನ್ನೂ ಪರಿಸರದ ರಕ್ಷಣೆಯನ್ನೂ ಒಂದರಿಂದೊಂದು ಬೇರ್ಪಡಿಸಿ ನೋಡಲಾಗದೆಂಬುದು ಅವರ ಭಾಷಣದ ಸಾರ. ಅದೇ ವರ್ಷ ವನ್ಯಜೀವಿ ಸಂರಕ್ಷಣೆಯ ಶಾಸನ, 1974ರಲ್ಲಿ ಜಲಮಾಲಿನ್ಯ ನಿಯಂತ್ರಣದ ಶಾಸನ, 1980ರಲ್ಲಿ ಅರಣ್ಯ ಸಂರಕ್ಷಣೆಯ ಶಾಸನ, 1981ರಲ್ಲಿ ವಾಯುಮಾಲಿನ್ಯದ ಶಾಸನ, ಭೋಪಾಲದ ದುರಂತವಾದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣೆಯ ಶಾಸನ, ಹೀಗೆ ಒಂದೂವರೆ ದಶಕದೊಳಗೆ ಭಾರತವು ಅನೇಕ ಸಂಪನ್ನ ರಾಷ್ಟ್ರಗಳಿಗೂ ಹೆಗಲೆಣೆಯಾದ ಶಾಸನಸಮೂಹವೊಂದನ್ನು ಕಟ್ಟಿಕೊಂಡಿತು. ಸಂವಿಧಾನದಲ್ಲಿಯೇ, 48ಎ ವಿಧಿಯ ಮೂಲಕ ರಾಜ್ಯಕ್ಕೂ 51ಎ ವಿಧಿಯ ಮೂಲಕ ಪ್ರತಿಯೊಬ್ಬ ನಾಗರಿಕನಿಗೂ ಪರಿಸರರಕ್ಷಣೆಯ ಕರ್ತವ್ಯವನ್ನು ವಿಧಿಸಲಾಯಿತು.

ಈ ಸಾಧನೆಯನ್ನು ಲಘುವಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ ಅದು ಆದ ಬಗೆಯನ್ನು ಮರೆಯುವುದೂ ತಪ್ಪಾದೀತು. ಮೇಲೆ ಹೇಳಿದ ಸಂವಿಧಾನ ವಿಧಿಗಳು ಬಂದುದು 1976ರ ನಲವತ್ತೆರಡನೆಯ ತಿದ್ದುಪಡಿಯಿಂದ. ಆಗ ದೇಶದಲ್ಲಿ ತುರ್ತುಪರಿಸ್ಥಿತಿಯಿತ್ತು, ಪ್ರತಿಪಕ್ಷಗಳ ಅನೇಕ ಮುಖಂಡರು ಸೆರೆಮನೆಯಲ್ಲಿದ್ದರು. ಅರಣ್ಯ, ವನ್ಯಜೀವಿ ಎಂಬ ವಿಷಯಗಳನ್ನು ರಾಜ್ಯಗಳ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಸೇರಿಸಿದುದೂ ಅದೇ ತಿದ್ದುಪಡಿಯೇ. ಉದ್ದೇಶ ಒಳ್ಳೆಯದಾಗಿದ್ದಿರಬಹುದು, ಪರಿಣಾಮ ಕೂಡ ಬಹುಮಟ್ಟಿಗೆ ಒಳ್ಳೆಯದೇ ಆಯಿತು. ಆದರೂ ಕಾಡಿನ ಅಂಚಿನಲ್ಲಿ ಬದುಕುವ ಪ್ರಜೆಯ ಪಾಲಿಗೆ ಈ ಶಾಸನಗಳು ತಾನು ಕೇಳಿ ಪಡೆದ ಹಕ್ಕುಗಳಾಗಿರಲಿಲ್ಲ; ದೂರದ ಅಧಿಕಾರಪೀಠದಿಂದ ಬಂದ ಆಜ್ಞೆಗಳಾಗಿದ್ದವು. ಆ ಆಜ್ಞೆಗಳ ಪ್ರತಿನಿಧಿಯಾಗಿ ಅವನ ಮನೆಯ ಬಾಗಿಲಿಗೆ ಬಂದವನು ಅರಣ್ಯ ಇಲಾಖೆಯ ಸಿಬ್ಬಂದಿ. ಆತನ ಮಾತಿನಲ್ಲಿ ರಕ್ಷಣೆಯೆಂಬುದಕ್ಕಿಂತ ದಂಡನೆಯೆಂಬುದೇ ಹೆಚ್ಚು ಕೇಳಿಸುತ್ತಿತ್ತು.

ಇನ್ನೊಂದು ದೌರ್ಬಲ್ಯ ಈ ಕಟ್ಟಡದ ರಚನೆಯಲ್ಲಿಯೇ ಇತ್ತು. ಅಣೆಕಟ್ಟು, ಗಣಿ, ಕಾರ್ಖಾನೆಗಳ ಪರಿಸರ ಪರಿಣಾಮವನ್ನು ಮೊದಲು ಅಳೆದು, ಜನರ ಅಹವಾಲನ್ನು ಕೇಳಿ, ಆಮೇಲೆ ಅನುಮತಿ ಕೊಡಬೇಕೆಂಬ ನಿಯಮ ನಮ್ಮಲ್ಲಿ ಪಾರ್ಲಿಮೆಂಟಿನ ಪ್ರತ್ಯೇಕ ಶಾಸನವಾಗಿ ಬಂದಿಲ್ಲ. 1986ರ ಶಾಸನದ ಅಡಿಯಲ್ಲಿ ಸರ್ಕಾರವು 1994ರಲ್ಲಿ ಹೊರಡಿಸಿ 2006ರಲ್ಲಿ ಬದಲಿಸಿದ ಅಧಿಸೂಚನೆ ಅದು. ಅಧಿಸೂಚನೆಯನ್ನು ಬರೆದ ಲೇಖನಿಯೇ ಅದನ್ನು ತಿದ್ದಲೂ ಬಲ್ಲದು. ಇಂಥ ಉದ್ಯಮಕ್ಕೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ, ಅಂಥ ವಿಸ್ತರಣೆಗೆ ಅನುಮತಿಯಿಂದ ಮುಕ್ತಿ, ಎಂಬ ತಿದ್ದುಪಡಿಗಳು ಸಭೆಯಲ್ಲಿ ಚರ್ಚೆಯಿಲ್ಲದೆ, ಮತದಾರರ ಗಮನಕ್ಕೇ ಬಾರದೆ, ಸಚಿವಾಲಯದ ಕಾಗದಗಳಲ್ಲಿ ಹುಟ್ಟಿ ಕಾನೂನಾಗುತ್ತವೆ. 2020ರಲ್ಲಿ ಇಡೀ ಅಧಿಸೂಚನೆಯನ್ನೇ ಬದಲಿಸುವ ಕರಡೊಂದು ಬಂದಿತು. ಅದು ಪ್ರಕಟವಾದುದು ಇಂಗ್ಲಿಷ್ ಹಿಂದಿಗಳಲ್ಲಿ. ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅದನ್ನು ಅನುವಾದಿಸಿ ಜನರ ಮುಂದಿಡಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು ಆ ವರ್ಷದ ಜೂನ್ 30ರಂದು ಆಜ್ಞಾಪಿಸಬೇಕಾಯಿತು. ಆ ಆಜ್ಞೆಯನ್ನು ಪಾಲಿಸುವುದರ ಬದಲು ಕೇಂದ್ರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಬಳ್ಳಾರಿಯ ಗಣಿಯ ಧೂಳನ್ನು ಉಸಿರಾಡುವ ಗ್ರಾಮಸ್ಥನು ತನ್ನ ಅಭಿಪ್ರಾಯವನ್ನು ಹೇಳತಕ್ಕ ದಸ್ತಾವೇಜು ಅವನ ಭಾಷೆಯಲ್ಲಿರಬೇಕೆಂಬ ಕನಿಷ್ಠ ನ್ಯಾಯಕ್ಕೂ ಸರ್ಕಾರದ ಪ್ರತಿರೋಧವಿರುವಲ್ಲಿ, ಸಾರ್ವಜನಿಕ ಅಭಿಪ್ರಾಯವನ್ನು ಆಹ್ವಾನಿಸಿದೆವೆಂಬ ಮಾತಿಗೆ ಎಷ್ಟು ತೂಕವಿದ್ದೀತು?

ಪಾರ್ಲಿಮೆಂಟಿನೊಳಗೆ ಬಂದ ಶಾಸನಗಳ ಗತಿಯೂ ಸಮಾಧಾನಕರವಾಗಿಲ್ಲ. 1980ರ ಅರಣ್ಯ ಶಾಸನಕ್ಕೆ 2023ರಲ್ಲಿ ಬಂದ ತಿದ್ದುಪಡಿಯನ್ನು ನೋಡಿ. ಯಾವುದು ಅರಣ್ಯ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಉದಾರವಾದ ಉತ್ತರವನ್ನು ಕೊಟ್ಟಿತ್ತು. ದಾಖಲೆಯಲ್ಲಿ ಏನೇ ಇರಲಿ, ಲೋಕರೂಢಿಯಲ್ಲಿ ಕಾಡೆನಿಸಿಕೊಳ್ಳತಕ್ಕ ಭೂಮಿಗೆಲ್ಲ ಶಾಸನದ ರಕ್ಷಣೆಯುಂಟೆಂದು ಅದು ಸಾರಿತ್ತು. ಹೊಸ ತಿದ್ದುಪಡಿಯು ಆ ವ್ಯಾಪ್ತಿಯನ್ನು ದಾಖಲೆಗಳಿಗೆ ಸೀಮಿತಗೊಳಿಸಿತು. ಅಂತರರಾಷ್ಟ್ರೀಯ ಗಡಿಯಿಂದ ನೂರು ಕಿಲೋಮೀಟರಿನೊಳಗೆ ರಾಷ್ಟ್ರಭದ್ರತೆಗೆ ಸಂಬಂಧಿಸಿದ ರಸ್ತೆಗಳೇ ಮೊದಲಾದ ಕಾಮಗಾರಿಗಳಿಗೆ ವಿನಾಯಿತಿಯನ್ನು ಕೊಟ್ಟಿತು. ಇಷ್ಟು ಗುರುತರವಾದ ಬದಲಾವಣೆಯು ಗದ್ದಲದ ನಡುವೆ, ಸ್ವಲ್ಪಮಾತ್ರದ ಚರ್ಚೆಯೊಂದಿಗೆ, ಲೋಕಸಭೆಯಲ್ಲಿ ಧ್ವನಿಮತದಿಂದ ಅಂಗೀಕೃತವಾಯಿತು. ಹಳೆಯ ವ್ಯಾಖ್ಯೆಯನ್ನೇ ಸದ್ಯಕ್ಕೆ ಪಾಲಿಸಬೇಕೆಂದು 2024ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಆಜ್ಞೆ ಮಾಡಿತು. ಶಾಸಕಾಂಗವು ಸಡಿಲಿಸಿದುದನ್ನು ನ್ಯಾಯಾಂಗವು ಬಿಗಿಗೊಳಿಸುವ ಈ ಸ್ಥಿತಿ ಯಾವ ಪ್ರಜಾರಾಜ್ಯಕ್ಕೂ ಶೋಭಿಸತಕ್ಕುದಲ್ಲ.

ಪಾರ್ಲಿಮೆಂಟಿನ ಸದಸ್ಯನೊಬ್ಬನು ಆತ್ಮಸಾಕ್ಷಿಯಿಂದ ಬೇರೆಯ ಮಾತಾಡಬಹುದಲ್ಲವೆ, ಎಂದು ಕೇಳಬಹುದು. 1985ರ ಪಕ್ಷಾಂತರ ನಿಷೇಧದ ವ್ಯವಸ್ಥೆ ಅಧಿಕಾರಕ್ಕಾಗಿ ಪಕ್ಷ ಬದಲಿಸುವ ಚಾಳಿಯನ್ನು ತಡೆಯುವುದಕ್ಕಾಗಿ ಬಂದುದು. ಆ ಚಾಳಿಯಂತೂ ನಿಂತಿಲ್ಲ. ಆದರೆ ಪಕ್ಷದ ಸಚೇತಕನ ಆಜ್ಞೆಗೆ ವಿರೋಧವಾಗಿ ಮತ ಕೊಟ್ಟರೆ ಸದಸ್ಯತ್ವವೇ ಹೋಗುವ ಭಯವು ಎಲ್ಲ ವಿಷಯಗಳಿಗೂ ವ್ಯಾಪಿಸಿತು. ಮಲೆನಾಡಿನ ಪ್ರತಿನಿಧಿ ಮಲೆನಾಡಿನ ಕಾಡಿನ ಪ್ರಶ್ನೆಯಲ್ಲಿಯೂ ಸ್ವಬುದ್ಧಿಯಿಂದ ಮತ ಹಾಕಲಾರ. ಕೇರಳದ ಇಡುಕ್ಕಿ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಪಿ. ಟಿ. ಥಾಮಸ್ ಅವರು ಪಶ್ಚಿಮಘಟ್ಟದ ರಕ್ಷಣೆಯನ್ನು ಕುರಿತ ಗಾಡ್ಗೀಳ್ ಸಮಿತಿಯ ವರದಿಯನ್ನು (ಅದರ ವಿವರ ಮುಂದೆ ಬರುತ್ತದೆ) ಬಹಿರಂಗವಾಗಿ ಸಮರ್ಥಿಸಿದವರು. 2014ರ ಚುನಾವಣೆಯಲ್ಲಿ ಅವರ ಪಕ್ಷ ಅವರಿಗೆ ಆ ಕ್ಷೇತ್ರದ ಟಿಕೇಟನ್ನು ಕೊಡಲಿಲ್ಲ. ಇದಕ್ಕೂ ಹಿಂದೆ, 1989ರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಅವರು ಸೋತರು. ಸೋಲಿಗಿಂತ ಶೋಚನೀಯವಾದುದೆಂದರೆ, ಅವರು ಎತ್ತಿದ ಪ್ರಶ್ನೆಯನ್ನು ಆಮೇಲೆ ಯಾವ ದೊಡ್ಡ ಪಕ್ಷವೂ ತನ್ನದಾಗಿ ಮಾಡಿಕೊಳ್ಳದೆ ಹೋದುದು.

ಸಮ್ಮತಿಯ ಪ್ರಶ್ನೆಗೆ ಪಶ್ಚಿಮಘಟ್ಟದ ವೃತ್ತಾಂತಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇರೊಂದಿಲ್ಲ. ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳಲ್ಲಿ ಸುಮಾರು 1,600 ಕಿಲೋಮೀಟರ್ ಹಬ್ಬಿರುವ ಈ ಗಿರಿಪಂಕ್ತಿ ಗೋದಾವರಿ, ಕೃಷ್ಣಾ, ಕಾವೇರಿಗಳ ಜನ್ಮಸ್ಥಾನ. ಇದರ ಸ್ಥಿತಿಯನ್ನು ಪರಿಶೀಲಿಸಲು 2010ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 2011ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಇಡೀ ಘಟ್ಟವನ್ನು ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯಗಳಾಗಿ ವಿಂಗಡಿಸಿದುದು ಆ ವರದಿಯ ಒಂದು ಅಂಶ. ವಯನಾಡಿನ ವೈತಿರಿ ತಾಲೂಕು ಅದರಲ್ಲಿ ಅತಿಸೂಕ್ಷ್ಮವಾದ ಮೊದಲನೆಯ ವಲಯಕ್ಕೆ ಸೇರಿತ್ತು. ಆದರೆ ಅದರ ನಿಜವಾದ ಸ್ವಾರಸ್ಯ ಬೇರೊಂದೆಡೆ ಇತ್ತು. ವಲಯಗಳ ಕೊನೆಯ ಎಲ್ಲೆಗಳನ್ನೂ ಅಲ್ಲಿ ಏನು ನಡೆಯಬಹುದು, ಏನು ನಡೆಯಕೂಡದು ಎಂಬ ನಿಯಮಗಳನ್ನೂ ಗ್ರಾಮಸಭೆಗಳ ಚರ್ಚೆಯ ಮೂಲಕವೇ ನಿಶ್ಚಯಿಸಬೇಕೆಂದೂ, ಸಮಿತಿಯ ನಕ್ಷೆ ಆ ಚರ್ಚೆಗೆ ಆರಂಭಮಾತ್ರವೆಂದೂ ಅದು ಸೂಚಿಸಿತ್ತು.

ಈ ವರದಿಗೆ ಆದುದೇನು? ಸಚಿವಾಲಯವು ಅದನ್ನು ತಿಂಗಳುಗಟ್ಟಲೆ ಪ್ರಕಟಿಸಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ಅದರ ವಿರುದ್ಧ ಸಚಿವಾಲಯ ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ತೀರ್ಪು, ಇಷ್ಟೆಲ್ಲ ಆದ ಬಳಿಕ 2012ರ ಮೇ ತಿಂಗಳಿನಲ್ಲಿ ಅದು ಬೆಳಕು ಕಂಡಿತು. ಗ್ರಾಮಸಭೆಗಳು ಓದಿ ಚರ್ಚಿಸಲೆಂದು ಬರೆದ ವರದಿಯನ್ನು ಗ್ರಾಮಸಭೆಗಳಿಗೆ ಅವರವರ ಭಾಷೆಯಲ್ಲಿ ತಲುಪಿಸುವ ಗಂಭೀರ ಪ್ರಯತ್ನವನ್ನು ಕೇಂದ್ರವೂ ಮಾಡಲಿಲ್ಲ, ರಾಜ್ಯಗಳೂ ಮಾಡಲಿಲ್ಲ. ಜ್ಞಾನವು ಹೋಗಬೇಕಾಗಿದ್ದ ದಾರಿಯಲ್ಲಿ ವದಂತಿ ಹೋಯಿತು. ಒಕ್ಕಲೆಬ್ಬಿಸುತ್ತಾರೆ, ತೋಟಕ್ಕೆ ಗೊಬ್ಬರ ಹಾಕಗೊಡುವುದಿಲ್ಲ, ಮನೆಗೆ ಹೆಂಚು ಹೊದಿಸಗೊಡುವುದಿಲ್ಲವೆಂಬ ಭೀತಿ ಕೊಡಗಿನಿಂದ ಇಡುಕ್ಕಿಯವರೆಗೆ ಹಬ್ಬಿತು. ಅನಂತರ ಬಂದ ಕಸ್ತೂರಿರಂಗನ್ ಸಮಿತಿಯು 2013ರಲ್ಲಿ ಘಟ್ಟದ ಸುಮಾರು ಶೇಕಡ 37ರಷ್ಟನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿ, ಅಲ್ಲಿ ಗಣಿ, ಕಲ್ಲುಗಣಿ, ಮರಳುಗಣಿ, ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯಕಾರಿ ಕೈಗಾರಿಕೆ, 20,000 ಚದರ ಮೀಟರಿಗೂ ಮಿಕ್ಕ ಕಟ್ಟಡಗಳು, ಇವನ್ನು ನಿಷೇಧಿಸಬೇಕೆಂದಿತು. ಈ ಪಟ್ಟಿಯಲ್ಲಿ ರೈತನ ನೇಗಿಲಿಗಾಗಲಿ ಅವನ ವಾಸದ ಮನೆಗಾಗಲಿ ಎಲ್ಲಿಯೂ ತಡೆಯಿಲ್ಲ. ಆದರೆ ಉಪಗ್ರಹದ ಚಿತ್ರದಿಂದ ಊರುಗಳನ್ನು ಆರಿಸಿ, ಊರಿನವರನ್ನು ಕೇಳದೆ ಸಾರಿದ ಪಟ್ಟಿಯಾದುದರಿಂದ, ಅದನ್ನು ನಂಬಲು ಊರಿನವರಿಗೆ ಕಾರಣವೇ ಇರಲಿಲ್ಲ. ಕರ್ನಾಟಕದಲ್ಲಿ ಹಾಗೆ ಸೇರಿದ ಗ್ರಾಮಗಳು 1,576. ಪ್ರದೇಶ 20,668 ಚದರ ಕಿಲೋಮೀಟರು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯನ್ನು ಎದುರಿಸಬೇಕು. ಜನರೇ ವಿರೋಧಿಸಿದರಲ್ಲವೆ, ಪಂಚಾಯತಿಗಳು ಠರಾವು ಮಾಡಿ ತಿರಸ್ಕರಿಸಿದವಲ್ಲವೆ, ಜನಾಭಿಪ್ರಾಯವನ್ನೇ ಪ್ರಮಾಣವೆಂದು ಹಿಡಿದರೆ ಪರ್ವತ ಉಳಿದೀತೆ, ಇಂಥ ವಿಷಯಗಳನ್ನು ವಿಜ್ಞಾನಿಗಳಿಗೂ ನ್ಯಾಯಾಧೀಶರಿಗೂ ಬಿಡುವುದೇ ವಿವೇಕವಲ್ಲವೆ, ಎಂದು ನಿಸರ್ಗದ ವಿಷಯದಲ್ಲಿ ನಿಜವಾದ ಕಳಕಳಿಯುಳ್ಳವರೇ ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಜನ ಯಾವುದಕ್ಕೆ ಇಲ್ಲವೆಂದರು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಓದಲು ಸಿಕ್ಕದ ದಸ್ತಾವೇಜಿಗೆ, ತಾವು ಭಾಗಿಗಳಾಗದ ನಿರ್ಣಯಕ್ಕೆ, ನಷ್ಟವೆಲ್ಲ ತಮ್ಮದಾಗಿ ಲಾಭವೆಲ್ಲ ಬಯಲುಸೀಮೆಯ ನಗರಗಳದಾಗುವ ಏರ್ಪಾಡಿಗೆ ಅವರು ಇಲ್ಲವೆಂದರು. ಅಂಥ ಸನ್ನಿವೇಶದಲ್ಲಿ ಇಲ್ಲವೆನ್ನುವುದು ಅಜ್ಞಾನದ ಲಕ್ಷಣವಲ್ಲ, ಆತ್ಮರಕ್ಷಣೆಯ ಸಹಜಬುದ್ಧಿ. ಅವರಿಗೆ ಪೂರ್ಣವಾದ ತಿಳಿವಳಿಕೆಯನ್ನೂ ಪೂರ್ಣವಾದ ಅಧಿಕಾರವನ್ನೂ ಕೊಟ್ಟು ಕೇಳಿದಾಗ ಏನೆನ್ನುತ್ತಾರೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳಿವೆ.

ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ಕೊಟ್ಟ ತೀರ್ಪು, 2006ರ ಅರಣ್ಯ ಹಕ್ಕು ಶಾಸನದ ಆಧಾರದ ಮೇಲೆ ನಿರ್ಣಯವನ್ನು ಗ್ರಾಮಸಭೆಗಳಿಗೇ ಒಪ್ಪಿಸಿತು. ಬೆಟ್ಟದ ಇಳಿಜಾರಿನ ಹನ್ನೆರಡು ಗ್ರಾಮಗಳ ಸಭೆಗಳು, ಅಕ್ಷರ ಬಲ್ಲವರು ಅತಿವಿರಳವಾದ ಡೋಂಗ್ರಿಯಾ ಕೊಂಧ ಮೊದಲಾದ ಜನಸಮುದಾಯಗಳ ಸಭೆಗಳು, ಒಂದಾದ ಮೇಲೊಂದು ಸೇರಿ ಗಣಿಯನ್ನು ನಿರಾಕರಿಸಿದವು. ಮುಂದಿನ ವರ್ಷ ಕೇಂದ್ರವೂ ಅನುಮತಿಯನ್ನು ನಿರಾಕರಿಸಬೇಕಾಯಿತು. ಕೇರಳದ ಮೌನಕಣಿವೆಯನ್ನು (ಸೈಲೆಂಟ್ ವ್ಯಾಲಿ) ಉಳಿಸಿದುದರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಪಾತ್ರವಿತ್ತು, ನಿಜ. ಆದರೆ ಆ ಪಾತ್ರಕ್ಕೆ ಭೂಮಿಕೆಯನ್ನು ಒದಗಿಸಿದುದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಅಧ್ಯಾಪಕರೂ ಕವಿಗಳೂ ಊರೂರು ತಿರುಗಿ ವಿಷಯವನ್ನು ಮಲಯಾಳದಲ್ಲಿ ತಿಳಿಯಹೇಳಿದ ವರ್ಷಾಂತರಗಳ ಶ್ರಮ. ಆ ಕಣಿವೆಯ ಕುಂತಿಪುಳ ನದಿಯ ಜಲವಿದ್ಯುತ್ ಯೋಜನೆ ನಿಂತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮ ಉತ್ತರ ಕನ್ನಡವು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾದರಿಯನ್ನು ತೋರಿಸಿತ್ತು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, 1981ರಲ್ಲಿ, ಶಿರಸಿಯ ಅಡಿಕೆ ತೋಟಗಾರರ ಸಹಕಾರ ಸಂಘವು ಪರ ವಿರೋಧಗಳ ಘೋಷಣೆಗಷ್ಟೇ ತೃಪ್ತಿಪಡದೆ, ವಿಜ್ಞಾನಿಗಳನ್ನೂ ಇಂಜಿನಿಯರುಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಯಿಸಿ, ಯೋಜನೆಯ ಲಾಭನಷ್ಟಗಳ ಲೆಕ್ಕವನ್ನು ಸರ್ಕಾರದ ಲೆಕ್ಕದ ಪಕ್ಕದಲ್ಲಿಟ್ಟು ಪರೀಕ್ಷಿಸುವ ವಿಚಾರಗೋಷ್ಠಿಯನ್ನು ನಡೆಸಿತು. ಮುಳುಗಡೆಯಾಗುವ ತೋಟದ ಬೆಲೆ, ಸೊಪ್ಪಿನಬೆಟ್ಟದ ಬೆಲೆ, ಕಾಡಿನ ಬೆಲೆ, ಇವನ್ನೆಲ್ಲ ಲೆಕ್ಕಕ್ಕೆ ತಂದಾಗ ಯೋಜನೆಯ ಲಾಭದ ಚಿತ್ರವೇ ಬದಲಾಯಿತು. ಯೋಜನೆ ಹಿಂದೆ ಸರಿಯಿತು. ಎರಡು ವರ್ಷಗಳ ಬಳಿಕ ಅದೇ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. ರೈತರು ತಜ್ಞರನ್ನು ಕರೆದು ಪ್ರಶ್ನಿಸುವ, ತಜ್ಞರು ರೈತರಿಗೆ ಅರ್ಥವಾಗುವಂತೆ ಉತ್ತರಿಸುವ ಈ ಸಂಪ್ರದಾಯವೇ ನಾನು ಹೇಳುತ್ತಿರುವ ಪ್ರಜಾಸಮ್ಮತಿಯ ನೈಜರೂಪ. ಮೇಲಿನಿಂದ ನೆಟ್ಟ ಕಂಬಕ್ಕೂ ನೆಲದಲ್ಲಿ ಬೇರುಬಿಟ್ಟ ಮರಕ್ಕೂ ಗಾಳಿ ಬಂದಾಗ ಕಾಣುವ ಅಂತರವೇ ಆಜ್ಞೆಗೂ ಸಮ್ಮತಿಗೂ ಇರುವ ಅಂತರ.

ನ್ಯಾಯಾಲಯಗಳನ್ನು ಕುರಿತು ಎರಡು ಮಾತು. ಕುದುರೆಮುಖದ ಕಬ್ಬಿಣದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಿಂದಾಗಿ 2005ರ ಕೊನೆಗೆ ನಿಂತಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಯಲಿಗೆಳೆದ 2011ರ ಜುಲೈ ತಿಂಗಳಿನಲ್ಲಿಯೇ ಅದೇ ನ್ಯಾಯಾಲಯವು ಅಲ್ಲಿನ ಗಣಿಗಾರಿಕೆಯನ್ನು ತಡೆಯಿತು. ಈ ಉಪಕಾರಗಳನ್ನು ಕನ್ನಡಿಗರು ಮರೆಯಲಾಗದು. ಆದರೆ ಎರಡೂ ಪ್ರಸಂಗಗಳಲ್ಲಿ ನ್ಯಾಯ ಬಂದುದು ಬೆಟ್ಟ ಕರಗಿದ ಮೇಲೆ. ನ್ಯಾಯಾಲಯದ ಸ್ವಭಾವವೇ ಅಂಥದು. ಆದ ಅನ್ಯಾಯವನ್ನು ಯಾರಾದರೂ ತಂದು ಅದರ ಮುಂದಿಡಬೇಕು. ಅಲ್ಲದೆ, ನ್ಯಾಯಾಲಯದ ತೀರ್ಪಿನಿಂದ ಜೀವನೋಪಾಯ ಕಳೆದುಕೊಂಡವರು ತೀರ್ಪಿನ ಹಿಂದಿನ ಯುಕ್ತಿಯನ್ನು ಎಂದೂ ತಮ್ಮದೆಂದು ಭಾವಿಸಲಾರರು. ಅವರ ಅಸಮಾಧಾನವು ಮುಂದಿನ ಚುನಾವಣೆಯಲ್ಲಿ ಯಾವನೋ ಒಬ್ಬ ಅಭ್ಯರ್ಥಿಯ ಬಂಡವಾಳವಾಗುತ್ತದೆ.

ಅಭಿವೃದ್ಧಿಯ ಪಕ್ಷದಿಂದ ಬರುವ ಆಕ್ಷೇಪಣೆಗೂ ಗೌರವದಿಂದಲೇ ಉತ್ತರ ಕೊಡತಕ್ಕದ್ದು. ಬಡವರಿಗೆ ನೀರು ಬೇಡವೆ, ವಿದ್ಯುತ್ತು ಬೇಡವೆ, ರಸ್ತೆ ಬೇಡವೆ? ಬೇಕು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಕಲ್ಪಿತವಾದುದಲ್ಲ. ಅಲ್ಲಿಯ ಕೊಳವೆಬಾವಿಗಳ ಆಳವನ್ನೂ ಅವುಗಳ ನೀರಿನಲ್ಲಿರುವ ಫ್ಲೋರೈಡನ್ನೂ ಬಲ್ಲವರು ಅದನ್ನು ಅಲ್ಲಗಳೆಯಲಾರರು. ಆ ಬಾಯಾರಿಕೆಯ ಹೆಸರಿನಲ್ಲಿ ಸಕಲೇಶಪುರದ ಹಳ್ಳಗಳನ್ನು ತಿರುಗಿಸುವ ಎತ್ತಿನಹೊಳೆಯ ಯೋಜನೆಯು ಕುಡಿಯುವ ನೀರಿನದೆಂಬ ಕಾರಣದಿಂದ ಪರಿಸರ ಪರಿಣಾಮದ ಪರೀಕ್ಷೆಯಿಂದಲೇ ಹೊರಗುಳಿಯಿತು. ಹೀಗೆ ಪರೀಕ್ಷೆಯನ್ನು ತಪ್ಪಿಸಿದುದರಿಂದ ಬಯಲುಸೀಮೆಗೆ ನ್ಯಾಯವಾದಂತಾಯಿತೆ? ಲೆಕ್ಕದಲ್ಲಿ ತೋರಿಸಿದಷ್ಟು ನೀರು ಹಳ್ಳಗಳಲ್ಲಿ ವರ್ಷವರ್ಷವೂ ಉಂಟೋ ಇಲ್ಲವೋ, ಕೋಲಾರದ ಕೆರೆಗಳ ಪುನರುದ್ಧಾರಕ್ಕೆ ಅಷ್ಟೇ ದ್ರವ್ಯವನ್ನು ವಿನಿಯೋಗಿಸಿದ್ದರೆ ಫಲ ಏನಾಗುತ್ತಿತ್ತೋ, ಎಂಬ ಪ್ರಶ್ನೆಗಳನ್ನು ಸಕಲೇಶಪುರದವರೂ ಕೋಲಾರದವರೂ ಎದುರುಬದುರಾಗಿ ಕುಳಿತು ವಿಚಾರಿಸತಕ್ಕ ಒಂದು ವೇದಿಕೆಯೇ ನಮ್ಮಲ್ಲಿ ಇಲ್ಲದೆ ಹೋಯಿತು. ಎರಡು ಸೀಮೆಗಳ ಜನರನ್ನು ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳನ್ನಾಗಿ ನಿಲ್ಲಿಸಿದ ರಾಜಕಾರಣವು ಎರಡಕ್ಕೂ ಉಪಕಾರ ಮಾಡಿಲ್ಲ. ವಯನಾಡಿನಲ್ಲಿ ಮಣ್ಣಿನಡಿಯಲ್ಲಿ ಸಿಕ್ಕಿದವರಲ್ಲಿ ತೋಟದ ಕೂಲಿಕಾರರ ಕುಟುಂಬಗಳು ಎಷ್ಟೋ ಇದ್ದವು. ನಿಸರ್ಗದ ನಾಶದ ಬೆಲೆಯನ್ನು ಮೊದಲು ತೆರುವವರು ಬಡವರೇ ಆದುದರಿಂದ, ಬಡವರ ಹೆಸರನ್ನು ಹೇಳಿ ಆ ನಾಶವನ್ನು ಸಮರ್ಥಿಸುವುದು ಧರ್ಮಸಮ್ಮತವಾದ ವಾದವಾಗಲಾರದು.

ಕಡಿದ ಕಾಡಿಗೆ ಬದಲಾಗಿ ಬೇರೆಡೆ ಗಿಡ ನೆಟ್ಟರೆ ಲೆಕ್ಕ ಸರಿಹೋಗುವುದೆಂಬ ಸಮಾಧಾನವೂ ಈಚೆಗೆ ಪ್ರಬಲವಾಗಿದೆ. ಗ್ರೇಟ್ ನಿಕೋಬಾರ್ ದ್ವೀಪದ ಬೃಹತ್ ಬಂದರು ಯೋಜನೆಗೆ ಸುಮಾರು 130 ಚದರ ಕಿಲೋಮೀಟರ್ ಮಳೆಕಾಡು ಬಳಕೆಯಾಗತಕ್ಕದ್ದಾಗಿ, ಅದರ ಬದಲು ಸಾವಿರಾರು ಕಿಲೋಮೀಟರ್ ದೂರದ ಹರಿಯಾಣದಲ್ಲಿ ಗಿಡಗಳನ್ನು ಬೆಳೆಸುವ ಏರ್ಪಾಡಾಗಿದೆ. ಸಮುದ್ರಮಧ್ಯದ ಕಾಡನ್ನು ಅವಲಂಬಿಸಿದ ಜೀವಕೋಟಿಗೂ ಅಲ್ಲಿಯ ಶೋಂಪೆನ್, ನಿಕೋಬಾರಿ ಜನರಿಗೂ ಹರಿಯಾಣದ ಗಿಡಗಳಿಂದ ಆಗುವ ಪರಿಹಾರವೇನು? ಕಾಡನ್ನು ಸ್ಥಳದಿಂದಲೂ ಅಲ್ಲಿಯ ಜನರಿಂದಲೂ ಬಿಡಿಸಿ ಬರೀ ಅಂಕಿಯನ್ನಾಗಿ ಕಾಣುವ ದೃಷ್ಟಿ, ಆಡಳಿತವು ಸ್ಥಳೀಯ ಸಮ್ಮತಿಯಿಂದ ಎಷ್ಟು ದೂರ ಸರಿದಿದೆಯೆಂಬುದರ ಮಾಪನವಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಭಿಪ್ರಾಯದಲ್ಲಿ ಮೂರು ಕಾರ್ಯಗಳು ಅವಶ್ಯವೂ ಸಾಧ್ಯವೂ ಆಗಿವೆ.

ಮೊದಲನೆಯದು, ಪರಿಸರ ಪರಿಣಾಮದ ಪರೀಕ್ಷೆಯನ್ನು ಅಧಿಸೂಚನೆಯ ಸ್ಥಿತಿಯಿಂದ ಪಾರ್ಲಿಮೆಂಟಿನ ಶಾಸನದ ಸ್ಥಿತಿಗೆ ಏರಿಸುವುದು. ಅದನ್ನು ಸಡಿಲಿಸಬೇಕೆಂಬ ಸರ್ಕಾರ ಸಭೆಯ ಮುಂದೆ ಬಂದು, ಹೆಸರು ಹಿಡಿದು ಮತ ಹಾಕಿಸಿ ಸಡಿಲಿಸಲಿ. ಹೊಣೆ ಯಾರದೆಂಬುದು ಮತದಾರನಿಗೆ ತಿಳಿಯಲಿ. ಪರೀಕ್ಷೆಯ ವರದಿಯ ಪೂರ್ಣಪಾಠ ಸ್ಥಳೀಯ ಭಾಷೆಯಲ್ಲಿ ಗ್ರಾಮ ಪಂಚಾಯತಿಯ ಕಚೇರಿಗೆ ಮುಟ್ಟುವವರೆಗೆ ಅಹವಾಲಿನ ದಿನವನ್ನೇ ಗೊತ್ತುಮಾಡಕೂಡದೆಂಬ ನಿಬಂಧನೆಯೂ ಅದರೊಳಗಿರಲಿ.

ಎರಡನೆಯದು, ಗ್ರಾಮಸಭೆಯ ಮಾತನ್ನು ನಿರ್ಣಾಯಕವಾಗಿ ಮಾಡುವುದು. ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಗೂ ಮುಂಚೆಯೇ, ಪಂಚಾಯತ್ ರಾಜ್ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಹೇಬರ ಕಾಲದಲ್ಲಿ, ಅಧಿಕಾರವನ್ನು ಜಿಲ್ಲೆಗೂ ಮಂಡಲಕ್ಕೂ ಇಳಿಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ಅದೇ ರಾಜ್ಯ ಇಂದು 1,576 ಗ್ರಾಮಗಳ ಪರವಾಗಿ ತಾನೇ ಮಾತನಾಡಿ ವರದಿಯನ್ನು ತಿರಸ್ಕರಿಸುವುದಕ್ಕಿಂತ, ಒಂದೊಂದು ಗ್ರಾಮಕ್ಕೂ ಅದರ ನಕ್ಷೆಯನ್ನೂ ನಿಷಿದ್ಧ ಕಾರ್ಯಗಳ ಪಟ್ಟಿಯನ್ನೂ ಕನ್ನಡದಲ್ಲಿ ಕೊಟ್ಟು, ಪ್ರಶ್ನೆಗಳಿಗೆ ಉತ್ತರ ಹೇಳತಕ್ಕ ಭೂವಿಜ್ಞಾನಿಗಳನ್ನು ಕಳುಹಿಸಿ, ಕಾಲಾವಕಾಶ ಕೊಟ್ಟು, ಅವುಗಳ ಉತ್ತರವನ್ನು ಪಡೆಯುವುದು ಉಚಿತವಾಗಿತ್ತು, ಈಗಲೂ ಉಚಿತವಾಗಿದೆ. ಕೆಲವು ಗ್ರಾಮಗಳು ಒಲ್ಲೆವೆಂದಾವು. ಒಪ್ಪಿದ ಗ್ರಾಮಗಳಲ್ಲಾದರೂ ರಕ್ಷಣೆ ದೃಢವಾಗಿ ನಿಲ್ಲುತ್ತದೆ. ಒಲ್ಲದವು ನೆರೆಯೂರಿನ ಅನುಭವವನ್ನು ಕಂಡು ಮತ್ತೆ ಯೋಚಿಸಿಯಾವು.

ಮೂರನೆಯದು, ರಕ್ಷಕರಿಗೆ ಅವರ ಪಾಲನ್ನು ಕೊಡುವುದು. ಹದಿನಾಲ್ಕನೆಯ ಹಣಕಾಸು ಆಯೋಗವು ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ ಅರಣ್ಯಕ್ಕೆ ಶೇಕಡ 7.5ರ ತೂಕವನ್ನು ಕೊಟ್ಟಿತು. ಹದಿನೈದನೆಯ ಆಯೋಗವು ಅದನ್ನು ಶೇಕಡ 10ಕ್ಕೆ ಏರಿಸಿತು. ಕಾಡನ್ನು ಉಳಿಸಿಕೊಂಡ ರಾಜ್ಯ ಕಾಡಿನ ಕಾರಣದಿಂದಲೇ ಹಣ ಪಡೆಯುತ್ತದೆಂದಾಯಿತು. ಆದರೆ ಆ ಹಣ ರಾಜ್ಯದ ಬೊಕ್ಕಸದಲ್ಲಿ ಬೆರೆತುಹೋಗುತ್ತದೆಯೇ ಹೊರತು, ಆ ಕಾಡು ಯಾವ ಪಂಚಾಯತಿಯ ಎಲ್ಲೆಯೊಳಗೆ ನಿಂತಿದೆಯೋ ಆ ಪಂಚಾಯತಿಗೆ ಕಾಡಿನ ಲೆಕ್ಕದಲ್ಲಿ ಇಳಿಯುವುದಿಲ್ಲ. ಕೇಂದ್ರವು ರಾಜ್ಯಕ್ಕೆ ಯಾವ ನ್ಯಾಯದಿಂದ ಕೊಟ್ಟಿತೋ ಅದೇ ನ್ಯಾಯದಿಂದ ರಾಜ್ಯವು ಗ್ರಾಮಕ್ಕೆ ಕೊಡತಕ್ಕದ್ದು. ಜೋಯಿಡಾದ, ಹೊಸನಗರದ, ಮಡಿಕೇರಿಯ ಪಂಚಾಯತಿಗಳ ಶಾಲೆಗೆ, ಆಸ್ಪತ್ರೆಗೆ, ಕಾಲುಸಂಕಕ್ಕೆ ಕಾಡಿನ ಹೆಸರಿನಲ್ಲಿಯೇ ವರ್ಷವರ್ಷವೂ ಹಣ ಬರುವಂತಾದರೆ, ಕಾಡು ಅಲ್ಲಿಯವರ ಪಾಲಿಗೆ ನಿರ್ಬಂಧವಾಗಿ ಕಾಣದೆ ಆಸ್ತಿಯಾಗಿ ಕಾಣುತ್ತದೆ. ಪರಿಸರಸೂಕ್ಷ್ಮವೆಂಬ ಹೆಸರಿಗೆ ಅಂಜುವ ಕಾರಣವೇ ಕಡಮೆಯಾಗುತ್ತದೆ.

ಇವು ಮೂರೂ ಅಧಿಕಾರದಲ್ಲಿರುವವರ ಅಧಿಕಾರವನ್ನು ಸ್ವಲ್ಪ ಕುಗ್ಗಿಸುವ ಕಾರ್ಯಗಳಾದುದರಿಂದ ತಾವಾಗಿ ಆಗುವುವಲ್ಲ. ಕೊಡುವವರು ತಾವಾಗಿ ಕೊಡದ ಹಕ್ಕನ್ನು ಕೇಳುವವರು ಕೇಳಬೇಕು. ಕೇಳುವುದಕ್ಕೆ ಚುನಾವಣೆಗಿಂತ ಪ್ರಶಸ್ತವಾದ ಸಮಯವಿಲ್ಲ. ಘಟ್ಟದ ಮೇಲಿನ, ಘಟ್ಟದ ಕೆಳಗಿನ, ಘಟ್ಟದ ನೀರು ಕುಡಿಯುವ ಬಯಲಿನ ಮತದಾರರು ಜಾತಿ ಪಕ್ಷಗಳ ಪ್ರಶ್ನೆಗಳ ಜತೆಗಾದರೂ ಒಂದು ಪ್ರಶ್ನೆಯನ್ನು ತಮ್ಮ ಅಭ್ಯರ್ಥಿಗಳ ಮುಂದಿಡಲಿ: ನಮ್ಮೂರಿನ ನೆಲದ ಮೇಲೆ ಆಗತಕ್ಕ ನಿರ್ಣಯಕ್ಕೆ ನಮ್ಮೂರಿನ ಒಪ್ಪಿಗೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಲು ನೀವು ಸಭೆಯಲ್ಲಿ ಮತ ಹಾಕುವಿರೋ ಇಲ್ಲವೋ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಡಲೊಲ್ಲದವನು ಕಾಡಿನ ಶತ್ರುವಾಗಿರಲಿ, ಮಿತ್ರನಾಗಿರಲಿ, ಪ್ರಜೆಗಳ ಪ್ರತಿನಿಧಿಯಾಗಲು ಯೋಗ್ಯನಲ್ಲ. ನಿಸರ್ಗವನ್ನು ಪ್ರಜಾಪ್ರಭುತ್ವದಿಂದ ಕಾಪಾಡಬೇಕೆನ್ನುವವರೂ ಪ್ರಜಾಪ್ರಭುತ್ವವನ್ನು ನಿಸರ್ಗದ ಕಟ್ಟುಗಳಿಂದ ಬಿಡಿಸಬೇಕೆನ್ನುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ: ಇಬ್ಬರೂ ಪ್ರಜೆಯ ವಿವೇಕವನ್ನು ನಂಬಲೊಲ್ಲರು. ನಿಯಮಗಿರಿಯ ಹನ್ನೆರಡು ಸಭೆಗಳೂ ಶಿರಸಿಯ ತೋಟಗಾರರೂ ಆ ನಂಬಿಕೆಗೆ ತಾವು ಅರ್ಹರೆಂದು ತೋರಿಸಿಕೊಟ್ಟಾಗಿದೆ. ಅದನ್ನು ಶಾಸನವಾಗಿ ಬರೆಯುವ ಕೆಲಸ ಪಾರ್ಲಿಮೆಂಟಿನದು, ಬರೆಯಿಸುವ ಕೆಲಸ ನಮ್ಮದು.